ಸೌರಮಂಡಲದಲ್ಲಿ ಕಪ್ಪು ದ್ರವ್ಯ ಎಷ್ಟಿದೆ? ಕ್ಯಾಲ್ಕುಲೇಟರ್ ಹಿಡಿದು ನೀವೇ ಲೆಕ್ಕ ಹಾಕಿ

ಖಗೋಳದ ಬಗ್ಗೆ ಎಲ್ಲೇ ಮಾತು ಶುರುವಾದರೂ ಈ ಪ್ರಶ್ನೆ ಬಂದೇ ಬರುತ್ತದೆ: ಬ್ರಹ್ಮಾಂಡದಲ್ಲಿರುವ ದ್ರವ್ಯದಲ್ಲಿ ಶೇಕಡಾ 85ರಷ್ಟು ಕಪ್ಪು ದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್ ಅಂತೀರಲ್ಲ, ಹಾಗಾದರೆ ನಮ್ಮ ಸೌರಮಂಡಲದಲ್ಲೂ ಅದೇ ತುಂಬಿರಬೇಕಲ್ಲವೇ? ತುಂಬಿದ್ದರೆ ಗ್ರಹಗಳು ನ್ಯೂಟನ್ ಹೇಳಿದ ಹಾಗೆ ಅಷ್ಟು ಕರಾರುವಾಕ್ಕಾಗಿ ಸುತ್ತುವುದು ಹೇಗೆ?

ಇದಕ್ಕೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ. "ಅದೆಲ್ಲ ಗ್ಯಾಲಕ್ಸಿಯ ಅಂಚಿನ ವಿಷಯ, ಇಲ್ಲಿ ಏನೂ ಇಲ್ಲ" ಅನ್ನುವುದು ಒಂದು. "ಎಲ್ಲೆಲ್ಲೂ ಇದೆ, ಇಲ್ಲೂ ಸೂರ್ಯನ ಐದು ಪಟ್ಟು ಇರಬೇಕು" ಅನ್ನುವುದು ಇನ್ನೊಂದು. ಎರಡೂ ತಪ್ಪು. ಇದೆಯೋ ಇಲ್ಲವೋ ಎಂದು ವಾದ ಮಾಡುವುದಕ್ಕಿಂತ ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಗೊಂದಲ ತಾನಾಗಿ ಕರಗುತ್ತದೆ. ಪಿಯುಸಿ ಮಟ್ಟದ ಗಣಿತ, ಒಂದು ಹಾಳೆ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಮೊಬೈಲನ್ನು ಅಡ್ಡ ಹಿಡಿದರೆ ಘಾತಗಳ ಗುಂಡಿಗಳು ಕಾಣಿಸುತ್ತವೆ.

ಶುರು ಮಾಡುವ ಮುನ್ನ ಒಂದು ಮಾತು. ಕಪ್ಪು ದ್ರವ್ಯದ ಒಂದೇ ಒಂದು ಕಣವನ್ನೂ ಇವತ್ತಿನವರೆಗೆ ಯಾರೂ ಖಚಿತವಾಗಿ ಹಿಡಿದಿಲ್ಲ. ಅದರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಅದರ ಗುರುತ್ವದ ಎಳೆತದಿಂದ ಊಹಿಸಿದ್ದು. ಹಾಗಾಗಿ ಮುಂದಿನ ಪ್ರತಿ ಲೆಕ್ಕದ ಹಿಂದೆಯೂ "ಕಪ್ಪು ದ್ರವ್ಯ ಇರುವುದೇ ಹೌದಾದರೆ" ಎಂಬ ಷರತ್ತು ಇದೆ.

ಕೈಗೆ ಬೇಕಾದ ಅಂಕಿಗಳು

ಭೂಮಿಯಿಂದ ಸೂರ್ಯನಿಗೆ ಇರುವ ಸರಾಸರಿ ದೂರ 1.496 × 10¹¹ ಮೀಟರ್. ಇದೇ ಒಂದು ಖಗೋಳಮಾನ. ಸೂರ್ಯನ ದ್ರವ್ಯರಾಶಿ 2 × 10³⁰ ಕೆಜಿ, ಭೂಮಿಯದು 6 × 10²⁴ ಕೆಜಿ. ಮುಖ್ಯವಾದ ಅಂಕಿ ನಾಲ್ಕನೆಯದು: ಸೂರ್ಯನ ಆಸುಪಾಸಿನಲ್ಲಿ ಕಪ್ಪು ದ್ರವ್ಯದ ಸಾಂದ್ರತೆ. ಸಂಶೋಧಕರು ಇದನ್ನು ಒಂದು ಘನ ಸೆಂಟಿಮೀಟರಿಗೆ ಸುಮಾರು 0.4 ಗಿಗಾ ಎಲೆಕ್ಟ್ರಾನ್ ವೋಲ್ಟ್ ಎಂದು ಬರೆಯುತ್ತಾರೆ. ಒಂದು ಗಿಗಾ ಎಲೆಕ್ಟ್ರಾನ್ ವೋಲ್ಟ್ ಅಂದರೆ 1.78 × 10⁻²⁷ ಕೆಜಿ, ಹೆಚ್ಚುಕಮ್ಮಿ ಒಂದು ಪ್ರೋಟಾನಿನಷ್ಟು. ಇದನ್ನು 0.4ರಿಂದ ಗುಣಿಸಿ, ಘನ ಸೆಂಟಿಮೀಟರನ್ನು ಘನ ಮೀಟರಿಗೆ ತರಲು 10⁶ರಿಂದ ಗುಣಿಸಿ. ಬರುವುದು ಒಂದು ಘನ ಮೀಟರಿಗೆ 7 × 10⁻²² ಕೆಜಿ. ಕೆಲವು ಪ್ರಬಂಧಗಳು ಗ್ರಾಂ ಮತ್ತು ಘನ ಸೆಂಟಿಮೀಟರಿನಲ್ಲಿ ಬರೆಯುತ್ತವೆ. ಆ ಅಂಕಿಯನ್ನು ಹಾಗೇ ತಂದು ಕೆಜಿ ಲೆಕ್ಕದಲ್ಲಿ ಕೂರಿಸಿದರೆ ಉತ್ತರ ಸಾವಿರ ಪಟ್ಟು ಕೆಡುತ್ತದೆ. ಇಲ್ಲಿ ಎಡವುವವರೇ ಜಾಸ್ತಿ.

ಈ 0.4 ಎಲ್ಲಿಂದ ಬಂತು? ಗ್ಯಾಲಕ್ಸಿಯ ತಟ್ಟೆಯಲ್ಲಿರುವ ನಕ್ಷತ್ರಗಳು ಸುಮ್ಮನೆ ಸುತ್ತುವುದಿಲ್ಲ, ತಟ್ಟೆಯ ಮೇಲಕ್ಕೂ ಕೆಳಕ್ಕೂ ತೂಗಾಡುತ್ತವೆ. ಎಷ್ಟು ಮೇಲೆ ಹೋಗಿ, ಎಷ್ಟು ವೇಗದಲ್ಲಿ ವಾಪಸ್ ಬರುತ್ತವೆ ಎಂದು ಅಳೆದರೆ ಅವನ್ನು ಎಳೆಯುತ್ತಿರುವ ಒಟ್ಟು ದ್ರವ್ಯ ಎಷ್ಟೆಂದು ಸಿಗುತ್ತದೆ. ಕಾಣುವ ನಕ್ಷತ್ರ, ಅನಿಲ ಎಲ್ಲ ಕಳೆದರೆ ಉಳಿದದ್ದು ಕಪ್ಪು ದ್ರವ್ಯ. ನೆದರ್ಲೆಂಡ್ಸಿನ ಯಾನ್ ಊರ್ಟ್ 1932ರಲ್ಲೇ ಈ ದಾರಿ ಹಿಡಿದಿದ್ದರು. ಈಗ ಗಾಯಾ ಉಪಗ್ರಹ ಕೊಟ್ಟ ನಕ್ಷತ್ರಗಳ ಪಟ್ಟಿಯಿಂದ ಅದೇ ಲೆಕ್ಕ ಬಹಳ ನಿಖರವಾಗಿ ಆಗುತ್ತಿದೆ. ಬೇರೆ ಬೇರೆ ತಂಡಗಳ ಉತ್ತರ 0.3ರಿಂದ 0.5ರ ನಡುವೆ ಓಲಾಡುತ್ತದೆ. ಆದರೆ ಇದು ನೂರಾರು ಜ್ಯೋತಿರ್ವರ್ಷ ಹರಡಿದ ಜಾಗದ ಸರಾಸರಿ. ಸೌರಮಂಡಲದೊಳಗೆ ಕೈಹಾಕಿ ಅಳೆದದ್ದಲ್ಲ.

ಒಂದು ಟೀ ಚಮಚ ಖಾಲಿ ಜಾಗದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಎರಡು ಪ್ರೋಟಾನುಗಳ ತೂಕದಷ್ಟು ಕಪ್ಪು ದ್ರವ್ಯ. ಭೂಮಿಯ ಹತ್ತಿರ ಸೌರಮಾರುತದಲ್ಲೇ, ಅಂದರೆ ಸೂರ್ಯನಿಂದ ಬೀಸಿಬರುವ ಕಣಗಳ ಹೊಳೆಯಲ್ಲೇ, ಒಂದು ಘನ ಸೆಂಟಿಮೀಟರಿಗೆ ಸುಮಾರು 5 ಪ್ರೋಟಾನುಗಳಿರುತ್ತವೆ, ಅದೇ ಚಮಚಕ್ಕೆ 25. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ನಮ್ಮ ಆದಿತ್ಯ ಎಲ್-1 ಅಳೆಯುತ್ತಿರುವ ಆ ತೆಳು ಗಾಳಿಯೂ ತೂಕದಲ್ಲಿ ಕಪ್ಪು ದ್ರವ್ಯಕ್ಕಿಂತ ಹತ್ತು ಪಟ್ಟು ದಟ್ಟ.

ಹೆಜ್ಜೆ 1: ಗ್ರಹಗಳು ಯಾರ ಎಳೆತಕ್ಕೆ ಸುತ್ತುತ್ತಿವೆ ನೋಡಿ

ಕೆಪ್ಲರನ ಮೂರನೇ ನಿಯಮ ನೆನಪಿದೆಯಲ್ಲ? ದೂರವನ್ನು ಖಗೋಳಮಾನದಲ್ಲೂ ಅವಧಿಯನ್ನು ವರ್ಷದಲ್ಲೂ ಇಟ್ಟರೆ, ದೂರದ ಘನ ಮತ್ತು ಅವಧಿಯ ವರ್ಗ ಒಂದೇ ಆಗಬೇಕು. ಬುಧ: 0.387ರ ಘನ 0.0580, 0.2408ರ ವರ್ಗವೂ 0.0580. ಶನಿ: 9.537ರ ಘನ 867.4, 29.447ರ ವರ್ಗ 867.1. ಗುರು: 5.203ರ ಘನ 140.85, 11.862ರ ವರ್ಗ 140.71.

ಗುರುವಿನ ಬಳಿ ಸ್ವಲ್ಪ ನಿಲ್ಲಿ. ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಬಂತಲ್ಲ, ಅದು ನಿಮ್ಮ ಗುಣಾಕಾರದ ತಪ್ಪಲ್ಲ. ಗುರುಗ್ರಹದ ತೂಕ ಸೂರ್ಯನ ತೂಕದ 1047ನೇ ಒಂದು ಪಾಲು. ಸೂರ್ಯನನ್ನು ಗುರುವೂ ಎಳೆಯುವುದರಿಂದ ಆ ಪಾಲು ಇಲ್ಲಿ ಇಣುಕಿದೆ. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಗುರುಗ್ರಹವನ್ನು ತೂಗಿದಂತಾಯಿತು. ಈ ಸಂತೋಷಕ್ಕಾದರೂ ಈ ಹೆಜ್ಜೆಯನ್ನು ಬಿಡಬೇಡಿ.

ಈಗ ಗ್ಯಾಲಕ್ಸಿಯ ಕಡೆ ನೋಡಿ. ಭೂಮಿ ಸೆಕೆಂಡಿಗೆ 29.8 ಕಿ.ಮೀ. ಓಡಿದರೆ ಮೂವತ್ತು ಪಟ್ಟು ದೂರದ ನೆಪ್ಚೂನ್ 5.4 ಕಿ.ಮೀ. ಮಾತ್ರ. ನಡುವೆ ಸೂರ್ಯನೊಬ್ಬನೇ ಭಾರವಾಗಿ ಕೂತಿದ್ದರೆ ದೂರ ಹೋದಷ್ಟೂ ವೇಗ ಹೀಗೆ ಇಳಿಯಬೇಕು. ಗ್ಯಾಲಕ್ಸಿಗಳಲ್ಲಿ ಹಾಗಾಗುವುದಿಲ್ಲ. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ನೆರೆಯ ಆಂಡ್ರೊಮೀಡಾ ಗ್ಯಾಲಕ್ಸಿಯಲ್ಲಿ ಅಳೆದಾಗ, ಹೊರ ಅಂಚಿಗೆ ಹೋದರೂ ವೇಗ ನಿರೀಕ್ಷೆಯಂತೆ ಕುಸಿಯಲಿಲ್ಲ. ಕಪ್ಪು ದ್ರವ್ಯದ ಮಾತು ಗಟ್ಟಿಯಾಗಲು ಇಂಥ ಅಳತೆಗಳೇ ಕಾರಣ. ಅಂಥ ಲಕ್ಷಣ ಸೌರಮಂಡಲದಲ್ಲಿ ಕಾಣುವುದಿಲ್ಲ.

ಹಾಗೆಂದು ಇಲ್ಲಿ ಕಪ್ಪು ದ್ರವ್ಯವೇ ಇಲ್ಲ ಎಂದು ಬರೆದುಕೊಳ್ಳಬೇಡಿ. ನಿಮ್ಮ ಲೆಕ್ಕದ ನಿಖರತೆ ಸಾವಿರಕ್ಕೊಂದು. ಸೂರ್ಯನ ಸಾವಿರದ ಒಂದು ಪಾಲು ಅಂದರೆ 333 ಭೂಮಿಗಳು! ಅಷ್ಟು ಅಡಗಿದ್ದರೂ ಈ ಜಾಲರಿಯಲ್ಲಿ ನುಸುಳಿಹೋಗುತ್ತಿತ್ತು.

ಹೆಜ್ಜೆ 2: ಗುಣಿಸಿ

ಭೂಮಿಯ ಕಕ್ಷೆಯೊಳಗಿನ ಗೋಳದ ಘನಫಲ (ಮೂರನೇ ನಾಲ್ಕು ಪೈ, ಅಂದರೆ 4.19, ಗುಣಿಸು ತ್ರಿಜ್ಯದ ಘನ): 4.19 × (1.496 × 10¹¹)³, ಅಂದರೆ 1.4 × 10³⁴ ಘನ ಮೀಟರ್. ಅದನ್ನು 7 × 10⁻²²ರಿಂದ ಗುಣಿಸಿ. ಬಂದದ್ದು 9.8 × 10¹² ಕೆಜಿ. ಹತ್ತಿರ ಹತ್ತಿರ ಸಾವಿರ ಕೋಟಿ ಟನ್.

ಸಾವಿರ ಕೋಟಿ ಟನ್ ಎಂದರೆ ಕೇಳಲು ಭಾರಿ ಅನ್ನಿಸುತ್ತದೆ. 2014ರಲ್ಲಿ ರೊಸೆಟ್ಟಾ ನೌಕೆ ಹೋಗಿ ತಲುಪಿದ 67ಪಿ ಧೂಮಕೇತುವಿನ ತೂಕವೂ ಇಷ್ಟೇ, 10¹³ ಕೆಜಿ. ನಾಲ್ಕೈದು ಕಿ.ಮೀ. ಉದ್ದದ ಒಂದು ಹಿಮಗಲ್ಲು. ಸೂರ್ಯನಿಂದ ಭೂಮಿಯವರೆಗಿನ ಇಡೀ ಗೋಳದಲ್ಲಿ ಹರಡಿರುವ ಕಪ್ಪು ದ್ರವ್ಯವನ್ನೆಲ್ಲ ಗುಡಿಸಿ ತಂದರೆ ಅದೊಂದರ ತೂಕ. ಇನ್ನೊಂದು ಬಗೆಯಲ್ಲಿ ನೋಡಿ: ಸೂರ್ಯ ಬೆಳಕಾಗಿ ಸುರಿಯುತ್ತಾ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ತೂಕ ಕಳೆದುಕೊಳ್ಳುತ್ತಾನೆ. ಸಾವಿರ ಕೋಟಿಯನ್ನು 42 ಲಕ್ಷದಿಂದ ಭಾಗಿಸಿ. ನಲವತ್ತು ನಿಮಿಷದ ಬಿಸಿಲಿನ ತೂಕ!

ನೆಪ್ಚೂನಿನವರೆಗೆ ಬೇಕಿದ್ದರೆ 30ರ ಘನ, ಅಂದರೆ 27,000ದಿಂದ ಗುಣಿಸಿ: 2.6 × 10¹⁷ ಕೆಜಿ. ಭೂಮಿಯ ತೂಕದ ಎರಡು ಕೋಟಿಯಲ್ಲಿ ಒಂದು ಪಾಲೂ ಅಲ್ಲ. ಭೂಮಿಯೊಳಗೆ ಈ ಕ್ಷಣ ಎಷ್ಟಿದೆ ಎಂದು ತಿಳಿಯಬೇಕೆ? ಭೂಮಿಯ ಘನಫಲ 1.08 × 10²¹ ಘನ ಮೀಟರ್. ಗುಣಿಸಿದರೆ ಮುಕ್ಕಾಲು ಕೆಜಿ.

ಕಕ್ಷೆಯ ಒಳಗಿನದನ್ನಷ್ಟೇ ಏಕೆ ಲೆಕ್ಕಕ್ಕೆ ಹಿಡಿದೆವು ಎಂದು ಕೇಳುವವರಿಗೆ: ಸುತ್ತ ಸಮನಾಗಿ ಹರಡಿರುವ ದ್ರವ್ಯದಲ್ಲಿ ಹೊರಗಿನ ಪದರಗಳ ಎಳೆತ ಎಲ್ಲ ದಿಕ್ಕಿನಿಂದಲೂ ಬಂದು ಒಂದನ್ನೊಂದು ಹೊಡೆದುಹಾಕುತ್ತದೆ. ನ್ಯೂಟನ್ ಸಾಧಿಸಿದ ಪ್ರಮೇಯ ಇದು.

ಹೆಜ್ಜೆ 3: ಗೋಳವನ್ನು ಹಿಗ್ಗಿಸುತ್ತಾ ಹೋಗಿ

ಇಷ್ಟು ಕಡಿಮೆ ಇದ್ದರೆ ಶೇಕಡಾ 85ರ ಮಾತು ಎಲ್ಲಿಗೆ ಹೋಯಿತು? ಇಡೀ ವಿಷಯದ ತಿರುಳು ಇಲ್ಲಿದೆ, ಆತುರ ಬೇಡ.

ಪ್ರಶ್ನೆಯನ್ನು ತಿರುಗಿಸಿ ಕೇಳಿ: ಒಬ್ಬ ಸೂರ್ಯನಷ್ಟು ಕಪ್ಪು ದ್ರವ್ಯ ಸಿಗಬೇಕಾದರೆ ಗೋಳ ಎಷ್ಟು ದೊಡ್ಡದಿರಬೇಕು? 2 × 10³⁰ನ್ನು 7 × 10⁻²²ರಿಂದ ಭಾಗಿಸಿ, ಮತ್ತೆ 4.19ರಿಂದ ಭಾಗಿಸಿ, ಘನಮೂಲ ತೆಗೆಯಿರಿ. 8.8 × 10¹⁶ ಮೀಟರ್, ಅಂದರೆ 9.3 ಜ್ಯೋತಿರ್ವರ್ಷ ತ್ರಿಜ್ಯ. ಅಷ್ಟು ದೂರ ಹೋಗುವಷ್ಟರಲ್ಲಿ 4.2–4.4 ಜ್ಯೋತಿರ್ವರ್ಷದಲ್ಲಿ ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳು, 6ರ ಹತ್ತಿರ ಬರ್ನಾರ್ಡನ ನಕ್ಷತ್ರ, 8.6ರಲ್ಲಿ ನಾವು ಲುಬ್ಧಕ ಎನ್ನುವ ಸಿರಿಯಸ್ ಎಲ್ಲ ಗೋಳದೊಳಗೆ ಬಂದುಬಿಡುತ್ತವೆ. ಲುಬ್ಧಕವೊಂದೇ ಎರಡು ಸೂರ್ಯರ ತೂಕ, ಅದರ ಜೊತೆಗಾರ ಬಿಳಿ ಕುಬ್ಜ ಇನ್ನೊಂದು ಸೂರ್ಯನಷ್ಟು. ಅಂದರೆ ನಮ್ಮ ನೆರೆಹೊರೆಯಲ್ಲೂ ಗೆಲ್ಲುವುದು ಕಾಣುವ ದ್ರವ್ಯವೇ. ಸೂರ್ಯನ ಸುತ್ತಮುತ್ತ ಒಟ್ಟು ದ್ರವ್ಯದಲ್ಲಿ ಕಪ್ಪು ದ್ರವ್ಯದ ಪಾಲು ಸುಮಾರು ಹತ್ತರಲ್ಲಿ ಒಂದು.

ಹಾಗಾದರೆ ಅದು ಗೆಲ್ಲುವುದೆಲ್ಲಿ? ವಿಸ್ತಾರದಲ್ಲಿ. ನಕ್ಷತ್ರಗಳು ಒಂದು ತೆಳು ತಟ್ಟೆಯಲ್ಲಿ ಒತ್ತಾಗಿ ಕೂತಿವೆ. ತಟ್ಟೆಯಿಂದ ಕೆಲವು ಸಾವಿರ ಜ್ಯೋತಿರ್ವರ್ಷ ಮೇಲೆ ಹೋದರೆ ನಕ್ಷತ್ರಗಳು ವಿರಳ. ಕಪ್ಪು ದ್ರವ್ಯ ಹಾಗಲ್ಲ. ಗ್ಯಾಲಕ್ಸಿಯನ್ನು ಸುತ್ತುವರಿದು ಲಕ್ಷಾಂತರ ಜ್ಯೋತಿರ್ವರ್ಷ ಎಲ್ಲ ದಿಕ್ಕಿಗೂ ಹಬ್ಬಿದೆ. ತ್ರಿಜ್ಯ ಹತ್ತು ಪಟ್ಟಾದರೆ ಘನಫಲ ಸಾವಿರ ಪಟ್ಟು. ಸಾಂದ್ರತೆ ಎಷ್ಟೇ ತೆಳುವಿದ್ದರೂ ಅಷ್ಟು ಜಾಗಕ್ಕೆ ಕೂಡಿಸಿದಾಗ ನಕ್ಷತ್ರಗಳ ತೂಕವನ್ನು ಮೀರಿಸುತ್ತದೆ. ಶೇಕಡಾ 85 ಎನ್ನುವುದು ಇಡೀ ಬ್ರಹ್ಮಾಂಡದ ಸರಾಸರಿ. ಅದನ್ನು ತಂದು ಸೂರ್ಯನ ಅಂಗಳಕ್ಕೆ ಹಚ್ಚುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಹೆಜ್ಜೆ 4: ಇಲ್ಲಿ ಜಮೆಯಾಗಿರಬಹುದೇ ಎಂದು ಪರೀಕ್ಷಿಸಿ

ಜಾಣ ಓದುಗರು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಲೇಬೇಕು: 460 ಕೋಟಿ ವರ್ಷಗಳಿಂದ ಸೂರ್ಯ ಎಳೆಯುತ್ತಲೇ ಇದ್ದಾನೆ, ಅಕ್ಕಪಕ್ಕದ ಕಪ್ಪು ದ್ರವ್ಯವೆಲ್ಲ ಬಂದು ಗುಡ್ಡೆಯಾಗಿರಬೇಕಲ್ಲ?

ವೇಗವನ್ನು ನೋಡಿ. ಸೂರ್ಯ ಗ್ಯಾಲಕ್ಸಿಯನ್ನು ಸುತ್ತುವ ವೇಗ ಸೆಕೆಂಡಿಗೆ ಸುಮಾರು 230 ಕಿ.ಮೀ. ಕಪ್ಪು ದ್ರವ್ಯ ತಟ್ಟೆಯ ಜೊತೆ ಸುತ್ತುವುದಿಲ್ಲ, ಹಾಗಾಗಿ ನಮಗೆ ಅದು ಎದುರುಗಾಳಿಯಾಗಿ, ಸರಿಸುಮಾರು 250 ಕಿ.ಮೀ. ವೇಗದಲ್ಲಿ ಬೀಸುತ್ತದೆ. ಭೂಮಿಯ ದೂರದಲ್ಲಿ ಸೂರ್ಯನಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ 42 ಕಿ.ಮೀ. ಈಗ 250ರ ವರ್ಗಕ್ಕೆ 42ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: 253.5. ಹೊರಗಿನಿಂದ ಬಂದ ಕಣದ ವೇಗ ಸೂರ್ಯನ ಎಳೆತದಿಂದ ಸೆಕೆಂಡಿಗೆ ಮೂರೂವರೆ ಕಿ.ಮೀ. ಹೆಚ್ಚಿತು, ಹೊರಗೆ ಹೋಗುವಾಗ ಅಷ್ಟೇ ಇಳಿಯಿತು. ಬಂದ ಹಾಗೇ ಹೋಯಿತು. ಭೂಮಿಯ ಕಕ್ಷೆಯಿಂದ ಸೂರ್ಯನವರೆಗಿನ ದೂರ ದಾಟಲು ಅದಕ್ಕೆ ಒಂದು ವಾರ ಸಾಕು. ನೀವು ಲೆಕ್ಕ ಹಾಕಿದ ಆ ಸಾವಿರ ಕೋಟಿ ಟನ್ ನಮ್ಮ ಸ್ವಂತದ್ದಲ್ಲ. ಇವತ್ತಿನದು ಹೋಗಿ ತಿಂಗಳೊಪ್ಪತ್ತಿನಲ್ಲಿ ಬೇರೆಯದು ಬಂದಿರುತ್ತದೆ.

ಅನಿಲ ಹೀಗಲ್ಲ. ಸೌರಮಂಡಲವಾದ ಮೋಡ ಕುಸಿಯುವಾಗ ಬಿಸಿಯಾಗಿ, ಆ ಬಿಸಿಯನ್ನು ಬೆಳಕಾಗಿ ಹೊರಹಾಕಿ, ತಣ್ಣಗಾಗಿ ಮತ್ತಷ್ಟು ಕುಗ್ಗಿತು. ಕಪ್ಪು ದ್ರವ್ಯಕ್ಕೆ ಬೆಳಕು ಚೆಲ್ಲುವ ದಾರಿಯೇ ಇಲ್ಲ, ಶಕ್ತಿ ಕಳೆದುಕೊಳ್ಳದೆ ಗುಡ್ಡೆಯಾಗುವುದು ಸಾಧ್ಯವಿಲ್ಲ. ಅಪರೂಪಕ್ಕೆ ಒಂದು ಕಣ ಸೂರ್ಯನೊಳಗಿನ ಪರಮಾಣುವಿಗೆ ಬಡಿದು ಅಲ್ಲೇ ಸಿಕ್ಕಿಬೀಳಬಹುದು. ಹಾಗೆ ಸೇರಿದವು ಪರಸ್ಪರ ನಾಶವಾದರೆ ಹೆಚ್ಚು ಶಕ್ತಿಯ ನ್ಯೂಟ್ರಿನೊಗಳು, ಅಂದರೆ ಯಾವುದಕ್ಕೂ ಸುಲಭವಾಗಿ ತಾಗದ ಹಗುರ ಕಣಗಳು, ಸೂರ್ಯನ ಕಡೆಯಿಂದ ಬರಬೇಕು. ದಕ್ಷಿಣ ಧ್ರುವದ ಐಸ್‌ಕ್ಯೂಬ್, ಜಪಾನಿನ ಸೂಪರ್ ಕಾಮಿಯೊಕಾಂಡೆ ಎಂಬ ನ್ಯೂಟ್ರಿನೊ ಪತ್ತೆ ಕೇಂದ್ರಗಳು ಹುಡುಕಿವೆ, ಸಿಕ್ಕಿಲ್ಲ.

ಹೆಜ್ಜೆ 5: ಗ್ರಹಗಳ ಅಳತೆಯ ಜೊತೆ ತಾಳೆ ನೋಡಿ

ನಮ್ಮ ಹಾಳೆಯ ಲೆಕ್ಕ ಗ್ಯಾಲಕ್ಸಿಯ ಸರಾಸರಿಯನ್ನು ನಂಬಿದ್ದು. ಗ್ರಹಗಳನ್ನೇ ಕೇಳಿದರೆ? ಸೇಂಟ್ ಪೀಟರ್ಸ್‌ಬರ್ಗಿನ ಪಿಟ್ಯೇವ್ ಮತ್ತು ಪಿಟ್ಯೇವಾ 2013ರಲ್ಲಿ ಇದನ್ನೇ ಮಾಡಿದರು. ಗ್ರಹಗಳ ಮತ್ತು ನೌಕೆಗಳ ಆರೂವರೆ ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಒಟ್ಟಿಗೆ ಕೂರಿಸಿ, ಎಲ್ಲಿಯಾದರೂ ಲೆಕ್ಕಕ್ಕೆ ಸಿಗದ ಎಳೆತ ಇದೆಯೇ ಎಂದು ನೋಡಿದರು. ಶನಿಯ ಕಕ್ಷೆಯೊಳಗೆ ಕಪ್ಪು ದ್ರವ್ಯ ಇದ್ದರೂ ಅದು ಸೂರ್ಯನ ತೂಕದ 1.7 × 10⁻¹⁰ ಪಾಲಿಗಿಂತ ಕಡಿಮೆ ಎಂದು ತೀರ್ಮಾನವಾಯಿತು. ಸೂರ್ಯನ ತೂಕದಿಂದ ಗುಣಿಸಿದರೆ 3.4 × 10²⁰ ಕೆಜಿ, ಸೀರೀಸ್ ಕುಬ್ಜಗ್ರಹದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಶನಿಯ ಬಳಿ ಸಾಂದ್ರತೆಗೆ ಅವರು ಹಾಕಿದ ಮಿತಿ ನಮ್ಮ 7 × 10⁻²²ರ ಸುಮಾರು 16 ಸಾವಿರ ಪಟ್ಟು.

"16 ಸಾವಿರ ಪಟ್ಟು" ಎಂದು ಓದಿದ ಕೂಡಲೇ "ಸೌರಮಂಡಲದಲ್ಲಿ 16 ಸಾವಿರ ಪಟ್ಟು ಕಪ್ಪು ದ್ರವ್ಯ ಪತ್ತೆ" ಎಂದು ಶೀರ್ಷಿಕೆ ಕೊಡುವವರಿದ್ದಾರೆ. ಪತ್ತೆಯಾದದ್ದು ಏನೂ ಇಲ್ಲ. "ಇದಕ್ಕಿಂತ ಹೆಚ್ಚಿದ್ದರೆ ನಮ್ಮ ಉಪಕರಣಕ್ಕೆ ಗೊತ್ತಾಗುತ್ತಿತ್ತು" ಎಂಬುದಷ್ಟೇ ಇದರ ಅರ್ಥ. ಇಂಥ ಸುದ್ದಿ ಓದುವಾಗ ಅಂಕಿಯ ಹಿಂದೆ "ಕಡಿಮೆ" ಎಂಬ ಪದ ಇದೆಯೇ ಎಂದು ಮೊದಲು ಹುಡುಕಿ.

ಹೆಜ್ಜೆ 6: ವಿಚಿತ್ರ ಕಂಡ ಕೂಡಲೇ ಕಪ್ಪು ದ್ರವ್ಯದ ತಲೆಗೆ ಕಟ್ಟಬೇಡಿ

ಯುರೇನಸ್ ದಾರಿ ತಪ್ಪಿದಂತೆ ಕಂಡಾಗ ಫ್ರಾನ್ಸಿನ ಲೆವೆರಿಯೇ ಕಾಣದ ಒಂದು ಗ್ರಹ ಎಳೆಯುತ್ತಿದೆ ಎಂದರು. 1846ರಲ್ಲಿ ಬರ್ಲಿನ್‌ನಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್ ಸೆಕೆಂಡಿನಷ್ಟು (ಒಂದು ಆರ್ಕ್ ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಪಾಲು) ಹೆಚ್ಚುವರಿಯಾಗಿ ತಿರುಗುವುದಕ್ಕೂ ಅವರು ಅದೇ ಮದ್ದು ಅರೆದರು, ವಲ್ಕನ್ ಎಂಬ ಗ್ರಹ ಹುಡುಕಿ ಎಂದರು. ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಬದಲಿಸಿ ಆ 43ನ್ನು ತಂದುಕೊಟ್ಟರು. ಮೂರನೆಯದು ಅಮೆರಿಕದ ಪಯೊನೀರ್ 10 ಮತ್ತು 11 ನೌಕೆಗಳದು. ಸೂರ್ಯನ ಕಡೆಗೆ ಅತಿ ಸಣ್ಣ ಹೆಚ್ಚುವರಿ ಎಳೆತ ಕಂಡು ವರ್ಷಗಟ್ಟಲೆ ಕಪ್ಪು ದ್ರವ್ಯದಿಂದ ಹೊಸ ಭೌತಶಾಸ್ತ್ರದವರೆಗೆ ಎಲ್ಲದರ ಮೇಲೂ ಅನುಮಾನ ಬಂತು. 2012ರ ವಿಶ್ಲೇಷಣೆಯಲ್ಲಿ ಗೊತ್ತಾದದ್ದು: ನೌಕೆಯ ಬಿಸಿ ಒಂದು ದಿಕ್ಕಿಗೆ ತುಸು ಜಾಸ್ತಿ ಸೋರುತ್ತಿತ್ತು, ಅದರ ಒತ್ತಡ.

ಕ್ಷುದ್ರಗ್ರಹಗಳನ್ನೂ ಮರೆಯಬೇಡಿ. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯ ಒಟ್ಟು ತೂಕ ಚಂದ್ರನ ಶೇಕಡಾ 3, ಸುಮಾರು 2.4 × 10²¹ ಕೆಜಿ. ಶನಿಯೊಳಗಿನ ಕಪ್ಪು ದ್ರವ್ಯ ನಮ್ಮ ಲೆಕ್ಕದಲ್ಲಿ 8.5 × 10¹⁵. ಆ ಪಟ್ಟಿಯ ತೂಕದಲ್ಲಿ ಸಾವಿರಕ್ಕೊಂದು ಪಾಲು ಹೆಚ್ಚುಕಮ್ಮಿಯಾದರೂ ಕಪ್ಪು ದ್ರವ್ಯ ಅದರಡಿ ಮುಚ್ಚಿಹೋಗುತ್ತದೆ.

ಹೆಜ್ಜೆ 7: ತೂಗಲಾಗದ್ದನ್ನು ಹಿಡಿಯಲು ನೆಲದಡಿ ಹೋಗಿ

ತೂಕದ ದಾರಿ ಮುಚ್ಚಿದರೂ ಡಿಕ್ಕಿಯ ದಾರಿ ಇದೆ. ಕಣವೊಂದು ಪ್ರೋಟಾನಿನ ನೂರು ಪಟ್ಟು ತೂಕದ್ದು ಎಂದಿಟ್ಟುಕೊಳ್ಳಿ. ಆಗ ಒಂದು ಲೀಟರ್ ಜಾಗದಲ್ಲಿ ನಾಲ್ಕು ಕಣ, ಆದರೆ ವೇಗದಿಂದ ಗುಣಿಸಿದರೆ ಪ್ರತಿ ಚದರ ಸೆಂಟಿಮೀಟರನ್ನು ಸೆಕೆಂಡಿಗೆ ಒಂದು ಲಕ್ಷ ಕಣಗಳು ಹಾಯುತ್ತಿರಬೇಕು. ಅವುಗಳಲ್ಲಿ ಒಂದಾದರೂ ಪರಮಾಣುವಿಗೆ ಬಡಿದರೆ ಕಿಡಿ ಕಾಣಬಹುದು. ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಲು ಗಣಿಯೇ ಬೇಕು. ನಮ್ಮ ಕೆಜಿಎಫ್ ಈ ಕೆಲಸಕ್ಕೆ ಹೆಸರಾದ ಜಾಗ: 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಕಂಡ ಎರಡು ತಂಡಗಳಲ್ಲಿ ಒಂದು ಕೆಲಸ ಮಾಡಿದ್ದು ಅಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಈಗ ದೇಶದ ಕಪ್ಪು ದ್ರವ್ಯದ ಹುಡುಕಾಟ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ, 555 ಮೀಟರ್ ಕೆಳಗೆ.

ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, 7 ಟನ್ ದ್ರವ ಕ್ಸೆನಾನ್ ತುಂಬಿಕೊಂಡು ಎಲ್‌ಝಡ್ ಉಪಕರಣ ಕಾದು ಕೂತಿದೆ. 280 ದಿನಗಳ ದತ್ತಾಂಶ ನೋಡಿ 2024ರಲ್ಲಿ ಅವರು ಹೇಳಿದ್ದು: ಇಲ್ಲಿಯವರೆಗೆ ಇಲ್ಲ. ಇಟಲಿಯ ಗ್ರಾನ್ ಸಾಸೊ ಪರ್ವತದಡಿಯ ಡಾಮಾ ತಂಡ ಮಾತ್ರ ಬಹಳ ವರ್ಷಗಳಿಂದ ಸಿಕ್ಕಿದೆ ಎನ್ನುತ್ತಿದೆ. ಭೂಮಿ ಜೂನಿನಲ್ಲಿ ಎದುರುಗಾಳಿಗೆ ಮುಖಮಾಡಿ, ಡಿಸೆಂಬರಿನಲ್ಲಿ ಅದರ ಜೊತೆಗೆ ಓಡುವುದರಿಂದ ಡಿಕ್ಕಿಗಳ ಸಂಖ್ಯೆ ವರ್ಷಕ್ಕೊಮ್ಮೆ ಏರಿಳಿಯಬೇಕು. ಅಂಥ ಏರಿಳಿತ ತಮಗೆ ಕಂಡಿದೆ ಎಂಬುದು ಅವರ ವಾದ. ಅದೇ ಸೋಡಿಯಂ ಅಯೊಡೈಡ್ ಹರಳು ಬಳಸಿದ ಸ್ಪೇನಿನ ಅನಾಯಿಸ್, ದಕ್ಷಿಣ ಕೊರಿಯಾದ ಕೊಸೈನ್-100 ಪ್ರಯೋಗಗಳಿಗೆ ಅದು ಕಾಣಲಿಲ್ಲ. ನನಗಂತೂ ಡಾಮಾದ ವಾದ ನಿಲ್ಲುವಂತೆ ತೋರುವುದಿಲ್ಲ.

ಲೆಕ್ಕ ಎಲ್ಲಿ ಕೈಕೊಡಬಹುದು

ಸಾಂದ್ರತೆ 0.3 ಎಂದೋ 0.5 ಎಂದೋ ಹಿಡಿದು ಮತ್ತೆ ಗುಣಿಸಿ ನೋಡಿ. ಉತ್ತರ ಕಾಲು ಭಾಗ ಆಚೀಚೆ ಆಗುತ್ತದೆ, ಕಥೆ ಬದಲಾಗುವುದಿಲ್ಲ. ನಿಜವಾಗಿ ಬದಲಾಗುವುದು "ಸಮನಾಗಿ ಹರಡಿದೆ" ಎಂಬ ನಮ್ಮ ಊಹೆ ತಪ್ಪಿದರೆ. ಕಪ್ಪು ದ್ರವ್ಯ ಸೂಕ್ಷ್ಮ ಕಣಗಳಲ್ಲದೆ, ಬ್ರಹ್ಮಾಂಡದ ಮೊದಲ ಕ್ಷಣಗಳಲ್ಲಿ ಹುಟ್ಟಿದ, ಕ್ಷುದ್ರಗ್ರಹದ ತೂಕದ ಪುಟ್ಟ ಕಪ್ಪು ಕುಳಿಗಳಾಗಿದ್ದರೆ? ಅಂಥ ಒಂದೊಂದರ ತೂಕ 10¹⁴ ಕೆಜಿಗೂ ಮೇಲೆ. ಭೂಮಿಯ ಕಕ್ಷೆಯೊಳಗೆ ಇರಬೇಕಾದ 10¹³ ಕೆಜಿಗೆ ಒಂದು ಇಡಿಯಾಗಿ ಹಿಡಿಸುವುದೇ ಇಲ್ಲ. ಅಂದರೆ ಹೆಚ್ಚಿನ ಕಾಲ ಇಲ್ಲಿ ಸೊನ್ನೆ, ಅಪರೂಪಕ್ಕೊಮ್ಮೆ ಇಡೀ ಒಂದು ಹಾದುಹೋಗುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಇಂಥದ್ದು ಒಳ ಸೌರಮಂಡಲವನ್ನು ಹಾಯಬಹುದು, ಹಾಗಾದಾಗ ಮಂಗಳನ ಕಕ್ಷೆ ಕೆಲವೇ ವರ್ಷಗಳಲ್ಲಿ ಒಂದು ಮೀಟರಿನಷ್ಟು ಜರುಗೀತು ಎಂದು 2024ರಲ್ಲಿ ಅಮೆರಿಕದ ಎಂಐಟಿಯ ಭೌತವಿಜ್ಞಾನಿಗಳಿದ್ದ ತಂಡವೊಂದು ಲೆಕ್ಕ ಹಾಕಿತು. ಮಂಗಳನ ದೂರವನ್ನು ಈಗ ಹತ್ತಿಪ್ಪತ್ತು ಸೆಂಟಿಮೀಟರ್ ನಿಖರತೆಯಲ್ಲಿ ಅಳೆಯುತ್ತಾರೆ. ಹಾಗಾಗಿ ಹೆಜ್ಜೆ 2ರಲ್ಲಿ ಬಂದ ಉತ್ತರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ದೀರ್ಘಕಾಲದ ಸರಾಸರಿ" ಎಂದು ಬರೆದಿಟ್ಟುಕೊಳ್ಳಿ.